ಎರಡನೆಯ ಸಲ ನೋಡುವ ವೈದ್ಯರು



ಈ ಉಪನ್ಯಾಸಕ್ಕೆ ಆರೋಗ್ಯದ ಬಗ್ಗೆ ಯಾವುದಾದರೂ ವಿಷಯ ಆರಿಸಿಕೊಳ್ಳಿ ಎಂದು ಸಂಚಾಲಕರು ಹೇಳಿದಾಗ ಹೃದಯವನ್ನೋ ಸಕ್ಕರೆ ಕಾಯಿಲೆಯನ್ನೋ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದು ಕಾಣುತ್ತದೆ. ನಾನು ನೆಗಡಿ, ಕೆಮ್ಮು, ಜ್ವರ ಎಂದೆ. ದತ್ತಿ ಉಪನ್ಯಾಸಕ್ಕೆ ನೆಗಡಿಯೇ ಎಂದು ಅವರಿಗೆ ಅನ್ನಿಸಿರಬೇಕು, ಆದರೆ ಸಂಕೋಚದ ಮನುಷ್ಯ, ಹೇಳಲಿಲ್ಲ.

ಮಲೆನಾಡಿನ ತಾಲ್ಲೂಕು ಊರೊಂದರಲ್ಲಿ ಜನರಲ್ ಪ್ರಾಕ್ಟೀಸ್ ಮಾಡುವವನಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಮಳೆ ಹಿಡಿದಾಗಿನಿಂದ ಸಂಕ್ರಾಂತಿ ಕಳೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಬಂದಿರುವುದು ಇದಕ್ಕೇ. ಅವರಲ್ಲಿ ಬಹಳ ಜನ ನನ್ನ ಹತ್ತಿರ ಬರುವ ಮೊದಲು ಮೆಡಿಕಲ್ ಶಾಪಿನವನನ್ನು ಕೇಳಿರುತ್ತಾರೆ, ಇನ್ನೊಬ್ಬ ಡಾಕ್ಟರನ್ನು ನೋಡಿರುತ್ತಾರೆ, ನನ್ನಲ್ಲಿಂದ ಎದ್ದು ಮೂರನೆಯವರ ಹತ್ತಿರ ಹೋಗಲೂ ತಯಾರಾಗಿರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮೂರು ಚೀಟಿ, ಅರ್ಧ ಖಾಲಿಯಾದ ಎರಡು ಸಿರಪ್ಪು, ಒಂದು ಎಕ್ಸ್‌ರೇ. ಕಾಯಿಲೆ ಶುರುವಾಗಿ ಎಂಟು ದಿನ ಆಗಿರುವುದಿಲ್ಲ. ಯಾರ ಹತ್ತಿರ ಹೋಗಬೇಕು, ಯಾವಾಗ ಹೋಗಬೇಕು, ಹೋದ ಮೇಲೆ ಏನನ್ನು ಕೇಳಬೇಕು ಎನ್ನುವುದಷ್ಟೇ ಈ ಹೊತ್ತಿನ ಮಾತು.

ವೈರಸ್ಸುಗಳ ಬಗ್ಗೆ ಹೆಚ್ಚು ಹೇಳಿ ನಿಮ್ಮನ್ನು ದಣಿಸುವುದಿಲ್ಲ. ನಾವು ನೆಗಡಿ ಎಂದು ಒಂದೇ ಹೆಸರಿನಿಂದ ಕರೆಯುವುದರ ಹಿಂದೆ ಇನ್ನೂರಕ್ಕೂ ಹೆಚ್ಚು ವೈರಸ್ಸುಗಳಿವೆ. ರೈನೋವೈರಸ್ ಒಂದರಲ್ಲೇ ನೂರಕ್ಕೆ ಮೀರಿದ ಬಗೆಗಳಿವೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಟಿವಿಯವರು ಅದು ಹಿಂದಿನ ದಿನ ಹುಟ್ಟಿದ ವೈರಸ್ ಎಂಬಂತೆ ಕೂಗಿದರು. ನೆದರ್ಲೆಂಡ್ಸಿನ ವಿಜ್ಞಾನಿಗಳು ಅದನ್ನು 2001ರಲ್ಲೇ ಗುರುತಿಸಿದ್ದರು. ಅದಕ್ಕೂ ಎಷ್ಟೋ ಮೊದಲಿಂದ ಅದು ನಮ್ಮ ಮಕ್ಕಳ ಮೂಗಿನಲ್ಲಿ ಇದ್ದೇ ಇತ್ತು. ಯಾವ ವೈರಸ್ ಎಂದು ತಿಳಿದುಕೊಳ್ಳಲು ಸಾವಿರಾರು ರೂಪಾಯಿಯ ಪರೀಕ್ಷೆ ಮಾಡಿಸಿಕೊಂಡು ಬರುವವರಿದ್ದಾರೆ. ಇನ್‌ಫ್ಲುಯೆಂಜಾ, ಕೋವಿಡ್ ಇವೆರಡನ್ನು ಬಿಟ್ಟರೆ ದಿನನಿತ್ಯದ ಚಿಕಿತ್ಸೆಯಲ್ಲಿ ಆ ಹೆಸರಿನಿಂದ ಬದಲಾಗುವುದು ಬಹಳ ಕಡಿಮೆ. ಉಳಿದದ್ದನ್ನೆಲ್ಲ ಮೈಯೇ ಗುಣ ಮಾಡಿಕೊಳ್ಳುತ್ತದೆ. ನಾವು ಕೊಡುವುದು ಜ್ವರಕ್ಕೆ ಪ್ಯಾರಾಸಿಟಮಾಲ್, ಕುಡಿಯಲು ಬಿಸಿನೀರು ಗಂಜಿ, ಮತ್ತು ಧೈರ್ಯ. ಈ ಮೂರನೆಯದಕ್ಕೆ ಚೀಟಿಯಲ್ಲಿ ಜಾಗವಿಲ್ಲ, ಅಂಗಡಿಯಲ್ಲಿ ಬೆಲೆಯೂ ಇಲ್ಲ.

ಈ ಗುಣವಾಗುವಿಕೆಗೆ ಎಷ್ಟು ದಿನ ಬೇಕು? ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕೆಲವು ವೈದ್ಯರು ಇದನ್ನೇ ಜನರನ್ನು ಕೇಳಿದರು. 2013ರಲ್ಲಿ ಅದು ಪ್ರಕಟವಾಯಿತು. ಕೆಮ್ಮು ಶುರುವಾದರೆ ಎಷ್ಟು ದಿನಕ್ಕೆ ನಿಲ್ಲುತ್ತದೆ ಎಂದರೆ ಜನ ಏಳರಿಂದ ಒಂಬತ್ತು ದಿನ ಎಂದರು. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಇಂಥ ಕೆಮ್ಮು ನಿಜವಾಗಿ ಇರುವುದು ಸರಾಸರಿ ಹದಿನೆಂಟು ದಿನದ ಹತ್ತಿರ. ನಮ್ಮ ಕಡೆಯ ಎಲ್ಲ ತಾಪತ್ರಯವೂ ಈ ಒಂಬತ್ತಕ್ಕೂ ಹದಿನೆಂಟಕ್ಕೂ ನಡುವೆಯೇ ಇದೆ. ಮೂರನೇ ದಿನ ಒಬ್ಬ ಡಾಕ್ಟರು, ಏಳನೇ ದಿನ ಇನ್ನೊಬ್ಬರು, ಹನ್ನೆರಡನೇ ದಿನ ಜಿಲ್ಲಾ ಕೇಂದ್ರದ ದೊಡ್ಡ ಡಾಕ್ಟರು. ಅವರು ಕೊಟ್ಟ ಮಾತ್ರೆ ಮುಗಿಯುವ ಹೊತ್ತಿಗೆ ಹದಿನೇಳನೇ ದಿನ, ಕೆಮ್ಮು ತಾನಾಗಿ ಇಳಿದಿರುತ್ತದೆ. ಏನು ಕೈಗುಣ ನೋಡಿ ಅವರದು, ಎರಡೇ ಡೋಸಿಗೆ ಹೋಯಿತು ಎಂದು ಊರೆಲ್ಲ ಮಾತು. ಮೊದಲ ದಿನವೇ ಸರಿಯಾಗಿ ಹೇಳಿದವನಿಗೆ ಕೆಟ್ಟ ಹೆಸರು, ಕೊನೆಗೆ ಬಂದವನಿಗೆ ಹೂವಿನ ಹಾರ. ನಮ್ಮ ವೃತ್ತಿಯ ಅರ್ಧ ಕೀರ್ತಿ ಕ್ಯಾಲೆಂಡರಿನ ದಾನ. ನನ್ನದೂ ಸೇರಿಸಿ ಹೇಳುತ್ತಿದ್ದೇನೆ.

ಜನರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರೊಬ್ಬರು ನೂರಾ ಎರಡು ಡಿಗ್ರಿ ಜ್ವರ ಇಟ್ಟುಕೊಂಡು ಬಂದರು. ಕಣ್ಣು ಕೆಂಪು, ಮೈಕೈ ನೋವು, ಒಣ ಕೆಮ್ಮು. ಎದೆ ಸ್ವಚ್ಛವಾಗಿತ್ತು. ಮೂರು ನಾಲ್ಕು ದಿನ ಮಲಗಿಕೊಳ್ಳಿ, ಮರ ಹತ್ತಬೇಡಿ ಎಂದೆ.

“ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ. ನಾಳೆ ಕೊನೆ ತೆಗೆಯೋದುಂಟು. ನಾನು ಹತ್ತದಿದ್ರೆ ಆರು ಜನರ ಕೆಲ್ಸ ನಿಲ್ತದೆ.”

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಮೇಲಿಂದ ಕೊನೆ ಇಳಿಸುವವನಿಲ್ಲದೆ ಕೆಳಗೆ ಹಿಡಿಯುವವನಿಗೂ ಕೆಲಸವಿಲ್ಲ, ಅಂಗಳದಲ್ಲಿ ಸುಲಿಯುವ ಹೆಂಗಸರಿಗೂ ಇಲ್ಲ. ಸಂಬಳದ ರಜೆ ಇರುವವರಿಗೆ ವಿಶ್ರಾಂತಿ ಒಂದು ಸಲಹೆ. ಇಂಥವರಿಗೆ ಅದು ಮೂರು ದಿನದ ಕೂಲಿಯ ಖೋತಾ. ಸೂಜಿಗೆ ಇರುವ ಬೇಡಿಕೆಯ ಬೇರು ಅಜ್ಞಾನಕ್ಕಿಂತ ಹೆಚ್ಚಾಗಿ ಇಲ್ಲಿದೆ. ಜ್ವರದ ತಲೆಸುತ್ತಿನಲ್ಲಿ ನಲವತ್ತು ಅಡಿ ಮೇಲೆ ಹೋದರೆ ಏನಾಗಬಹುದು ಎಂದು ವಿವರಿಸಿ, ತೋಟದ ಯಜಮಾನರಿಗೆ ನಾನೇ ಫೋನ್ ಮಾಡಿ ಕೊಯ್ಲನ್ನು ಮುಂದಕ್ಕೆ ಹಾಕಿಸಿದೆ. ಅದಕ್ಕೆ ಹಿಡಿದ ಸಮಯದಲ್ಲಿ ಐದು ಜನರಿಗೆ ಸೂಜಿ ಹಾಕಬಹುದಿತ್ತು. ಹೊರಗೆ ನಲವತ್ತು ಟೋಕನ್ ಕಾಯುತ್ತಿರುವಾಗ ಎಲ್ಲ ಡಾಕ್ಟರಿಗೂ ಈ ತಾಳ್ಮೆ ಇರುವುದಿಲ್ಲ, ದಿನವೂ ಇರುವುದಿಲ್ಲ.

ಆ ಸೂಜಿಯಲ್ಲಿ ಏನಿರುತ್ತದೆ ಎಂದು ಕೇಳುವವರು ಕಡಿಮೆ. ಹೆಚ್ಚಾಗಿ ಜ್ವರ, ನೋವಿನ ಔಷಧ. ಕೆಲವು ಕಡೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೂಡ. ಸಂಜೆಯೊಳಗೆ ಮೈ ಹಗುರ, ಬಾಯಿಗೆ ರುಚಿ, ಡಾಕ್ಟರಿಗೆ ಹೆಸರು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ದೊಡ್ಡ ಪ್ರಯೋಗ ಈ ಔಷಧದ ಎರಡು ಮುಖವನ್ನೂ ತೋರಿಸಿಕೊಟ್ಟಿತು. ಆಕ್ಸಿಜನ್ ಬೇಕಾಗಿದ್ದ ಕೋವಿಡ್ ರೋಗಿಗಳಲ್ಲಿ ಅದು ಸಾವನ್ನು ಕಡಿಮೆ ಮಾಡಿತು, ವೆಂಟಿಲೇಟರಿನಲ್ಲಿ ಇದ್ದವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು. ಆಕ್ಸಿಜನ್ ಬೇಡದಿದ್ದವರಿಗೆ ಅದರಿಂದ ಲಾಭ ಕಾಣಲಿಲ್ಲ, ತೊಂದರೆಯೇ ಆಗಿರಬಹುದೆಂಬ ಸೂಚನೆ ಇತ್ತು. ಮರುವರ್ಷ ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿಗೂ ಕೈತುಂಬ ಸ್ಟೀರಾಯ್ಡ್ ಕೊಟ್ಟದ್ದರ ಜೊತೆಗೇ ಕಪ್ಪು ಶಿಲೀಂಧ್ರ ಬಂದದ್ದು, ಕಣ್ಣು ಕಳೆದುಕೊಂಡವರನ್ನು ನೋಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ಆಂಟಿಬಯೋಟಿಕ್ ಕಥೆಯನ್ನು ನೀವು ಬೇಕಾದಷ್ಟು ಕೇಳಿದ್ದೀರಿ, ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟುವುದೂ ಇಲ್ಲ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ಅಂಗಡಿಯಿಂದ ತಂದು ಅರೆಬರೆ ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಅದಕ್ಕೆ ಪಳಗಿಬಿಡುತ್ತವೆ ಎಂದು ಎಚ್ಚರಿಸಿದ್ದರು. ಆ ಉಪನ್ಯಾಸಕ್ಕೂ ಚಪ್ಪಾಳೆ ಬಿದ್ದಿರಬೇಕು. ಈಗ ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಹಾಕಿದ್ದಾರೆ, ಚೀಟಿಯಿಲ್ಲದೆ ಮಾರಬಾರದು ಎಂದು ಅದರ ಅರ್ಥ. ಮೂರು ಮಾತ್ರೆಯ ಅಜಿತ್ರೋಮೈಸಿನ್ ಪಟ್ಟಿ ಅದೇ ಕೆಂಪು ಗೆರೆಯ ಸಮೇತ ಚೀಟಿಯಿಲ್ಲದೆ ಕೈಗೆ ಬರುತ್ತದೆ. ಒಂದೇ ಸಾಕು ಎಂದರೆ ಕತ್ತರಿಸಿಯೂ ಕೊಡುತ್ತಾರೆ.

ಹಾಗಾದರೆ ಎಲ್ಲದಕ್ಕೂ ಕಾಯುತ್ತ ಕೂರಬೇಕೇ? ಹಾಗೆ ನಾನು ಹೇಳಿದರೆ ನನ್ನ ನೋಂದಣಿ ರದ್ದು ಮಾಡಬೇಕು. ಕಾಯಬಾರದ ಸಂದರ್ಭಗಳನ್ನು ಗುರುತಿಸುವುದೇ ಇಲ್ಲಿನ ವಿದ್ಯೆ. ಎಚ್1ಎನ್1 ಬಂದ ಕಾಲದಲ್ಲಿ ಕೇಂದ್ರ ಆರೋಗ್ಯ ಇಲಾಖೆ ರೋಗಿಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿತು. ಸರ್ಕಾರಿ ಸುತ್ತೋಲೆಗಳಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದು. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಮಾತ್ರ ಇರುವವರು ಎ: ಪರೀಕ್ಷೆಯೂ ಬೇಡ, ವಿಶೇಷ ಔಷಧವೂ ಬೇಡ, ಮನೆಯಲ್ಲಿ ಇರಲಿ, ಆದರೆ ಒಂದೆರಡು ದಿನದಲ್ಲಿ ಮತ್ತೆ ನೋಡಬೇಕು. ಗರ್ಭಿಣಿಯರು, ಅರವತ್ತೈದು ದಾಟಿದವರು, ಸಣ್ಣ ಮಕ್ಕಳು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ತೊಂದರೆ ಇದ್ದವರು ಬಿ. ಅಂಥವರಿಗೆ ಫ್ಲೂ ಅನುಮಾನವಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಓಸೆಲ್ಟಮಿವಿರ್ ಶುರು ಮಾಡಬೇಕು, ಏಕೆಂದರೆ ಅದು ಮೊದಲ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಏದುಸಿರು, ಎದೆನೋವು, ಮಂಪರು, ರಕ್ತದೊತ್ತಡ ಇಳಿಯುವುದು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಕಂಡರೆ ಸಿ: ನೇರವಾಗಿ ಆಸ್ಪತ್ರೆ, ಮಧ್ಯದಲ್ಲಿ ಯಾವ ಕ್ಲಿನಿಕ್ಕೂ ಬೇಡ.

ಎ ಗುಂಪಿನ ಬಗ್ಗೆ ಹೇಳಿದ ಆ ಕೊನೆಯ ಮಾತನ್ನು ಜನರೂ ಮರೆತರು, ನಾವೂ ಮರೆತೆವು. ಒಂದೆರಡು ದಿನದಲ್ಲಿ ಮತ್ತೆ ನೋಡಬೇಕು. ನನ್ನ ಇಡೀ ವಾದ ನಿಂತಿರುವುದು ಅದರ ಮೇಲೆ. ಮೊದಲ ದಿನದ ಜ್ವರದ ಮುಖದಲ್ಲಿ ಹೆಚ್ಚೇನೂ ಬರೆದಿರುವುದಿಲ್ಲ. ಐದನೇ ದಿನ ಇಳಿದ ಜ್ವರ ಮತ್ತೆ ಏರಿತೇ, ನಿನ್ನೆ ಮೆಟ್ಟಿಲು ಹತ್ತಿದವರು ಇವತ್ತು ಮಾತಾಡುವಾಗಲೇ ಉಸಿರು ಎಳೆಯುತ್ತಿದ್ದಾರೆಯೇ ಎನ್ನುವುದು ಗೊತ್ತಾಗಬೇಕಾದರೆ ಎರಡೂ ದಿನ ಒಂದೇ ಕಣ್ಣು ನೋಡಿರಬೇಕು. ಮೂರು ಡಾಕ್ಟರು ಮೂರು ಸಲ ನೋಡಿದರೆ ಅವು ಮೂರು ಮೊದಲ ದಿನಗಳಾಗುತ್ತವೆ.

ಮಕ್ಕಳ ವಿಷಯದಲ್ಲಿ ಮನೆಯವರೇ ಮಾಡಬಹುದಾದ ಒಂದು ಕೆಲಸವಿದೆ, ಉಸಿರು ಎಣಿಸುವುದು. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು, ಆಮೇಲೆ ನಮ್ಮ ಪಕ್ಕದ ವೆಲ್ಲೂರಿನ ವೈದ್ಯರು, ಎಕ್ಸ್‌ರೇ ಇಲ್ಲದ ಊರಿನಲ್ಲೂ ನ್ಯುಮೋನಿಯಾ ಗುರುತಿಸುವುದು ಹೇಗೆಂದು ಹುಡುಕಿದರು. ಸಿಕ್ಕಿದ ಉತ್ತರಕ್ಕೆ ಒಂದು ಗಡಿಯಾರ ಸಾಕು. ಮಗು ಅಳಬಾರದು, ಹಾಲು ಕುಡಿಯುತ್ತಿರಬಾರದು. ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಗಿ ಮೇಲೆತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಸಣ್ಣ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳ ಒಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಮುಟ್ಟಿದರೆ ಅಥವಾ ಮೀರಿದರೆ ಅದು ಜೋರು ಉಸಿರು, ಅವತ್ತೇ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟರೆ, ರಾತ್ರಿಯಾದರೂ ಹೊರಡಬೇಕು.

ಸಿರಪ್ಪಿನ ಬಗ್ಗೆಯೂ ಹೇಳಬೇಕು. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೆಮ್ಮಿನ ಸಿರಪ್ಪಿನಲ್ಲಿ ಸೇರಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಹೋದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬೇಡಿ, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದವರು ಆಗ ಮತ್ತೆ ಹೇಳಿದರು. ಆ ಮಕ್ಕಳಿಗೆ ಇದ್ದದ್ದು ಬಹುಮಟ್ಟಿಗೆ ತಾನೇ ಹೋಗುವ ಶೀತ ಜ್ವರ ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹತ್ತಿರದ ಡಾಕ್ಟರೇ ಏಕೆ ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಒಂದು ಕಾರಣವಿದೆ. ಎಲ್ಲ ಜ್ವರವೂ ವೈರಲ್ ಫೀವರ್ ಎಂದು ಹೇಳಿಕೊಂಡು ಬರುತ್ತದೆ. ನಮ್ಮಲ್ಲಿ ಬೇಸಿಗೆಯ ಮುಂಚೆ ಬರುವ ಜ್ವರ, ತಲೆನೋವು, ಮೈಕೈ ನೋವು ಮಂಗನ ಕಾಯಿಲೆಯೂ ಆಗಿರಬಹುದು. 1957ರಲ್ಲಿ ಅದು ಮೊದಲು ಗುರುತಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಮಂಗಳೂರಿನ ಡಾಕ್ಟರಿಗೆ ಜ್ವರ ಎಂದ ಕೂಡಲೇ ಮಲೇರಿಯಾ ನೆನಪಾಗುತ್ತದೆ. ಒಣ ಎಲೆಯ ದರಕಿಗೆ ಕಾಡಿಗೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂಬ ಪ್ರಶ್ನೆ ಬೆಂಗಳೂರಿನ ತಜ್ಞರ ಬಾಯಲ್ಲಿ ಬರುವುದು ಕಷ್ಟ. ಅವರು ಕಲಿತದ್ದು ನನಗಿಂತ ಹೆಚ್ಚು, ಆದರೆ ಕಳೆದ ವಾರ ಯಾವ ಕೇರಿಯಲ್ಲಿ ಯಾರು ಮಲಗಿದ್ದರು ಎಂಬುದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಇಲ್ಲಿ ಒಂದು ತೊಡಕೂ ಇದೆ. ವೈರಸ್ಸಿನ ಕೆಮ್ಮು ಹದಿನೆಂಟು ದಿನ ಇರಬಹುದು ಎಂದೆ. ಕ್ಷಯ ನಿರ್ಮೂಲನ ಕಾರ್ಯಕ್ರಮದವರ ಗೋಡೆಬರಹ ಏನು ಹೇಳುತ್ತದೆ? ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಯಾವುದನ್ನು ನಂಬಬೇಕು ಎಂದು ಹೈಸ್ಕೂಲು ಮೇಷ್ಟರೊಬ್ಬರು ನನ್ನನ್ನು ಸರಿಯಾಗಿಯೇ ಹಿಡಿದರು. ಎರಡನ್ನೂ ನಂಬಬೇಕು. ಹದಿನೈದನೇ ದಿನ ಕೆಮ್ಮು ಇಳಿಮುಖವಾಗಿದೆ, ಹಸಿವು ಬಂದಿದೆ, ಜ್ವರವಿಲ್ಲ ಎಂದಾದರೂ ಕಫ ಕೊಟ್ಟು ಬರುವುದರಿಂದ ನಷ್ಟವಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಸಂಜೆಯ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಅವತ್ತೇ ಕೊಡಬೇಕು. ಆದರೆ ಎರಡು ವಾರದಲ್ಲಿ ಮೂರು ಡಾಕ್ಟರು, ಮೂರು ಬಗೆಯ ಆಂಟಿಬಯೋಟಿಕ್ ಆಗಿರುವವರ ಸ್ಥಿತಿ ನೋಡಿ. ಅವುಗಳಲ್ಲಿ ಕೆಲವು ಕ್ಷಯವನ್ನು ಸ್ವಲ್ಪ ಕಾಲ ಅಡಗಿಸುತ್ತವೆ, ಗುಣ ಮಾಡುವುದಿಲ್ಲ. ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ, ಮೂರು ತಿಂಗಳ ಮೇಲೆ ಬರುತ್ತಾರೆ.

ಡಾಕ್ಟರಿಂದ ಡಾಕ್ಟರಿಗೆ ಓಡಾಟ ಎಲ್ಲಿಗೆ ಮುಟ್ಟಿಸಬಹುದು ಎನ್ನುವುದಕ್ಕೆ ಉದಾಹರಣೆ ದೇಶದ ಮೊದಲ ಕೋವಿಡ್ ಸಾವು, ನಮ್ಮ ಕಲಬುರಗಿಯದು. 2020ರ ಮಾರ್ಚ್. ಆ ಹಿರಿಯರನ್ನು ಮೊದಲು ಮನೆಯಲ್ಲಿ ಒಬ್ಬ ವೈದ್ಯರು ನೋಡಿದರು. ಆಮೇಲೆ ಅಲ್ಲಿಯ ಖಾಸಗಿ ಆಸ್ಪತ್ರೆ, ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆಯ ಹೈದರಾಬಾದು, ಹೈದರಾಬಾದಿನಿಂದ ಮತ್ತೆ ಕಲಬುರಗಿಯ ರಸ್ತೆ. ಆ ರಸ್ತೆಯಲ್ಲೇ ತೀರಿಕೊಂಡರು. ಮನೆಯಲ್ಲಿ ನೋಡಿದ ವೈದ್ಯರಿಗೂ ಸೋಂಕು ತಗುಲಿತು. ಅಂದಿನ ಭಯದಲ್ಲಿ ಯಾರನ್ನೂ ದೂರುವಂತಿಲ್ಲ. ಆದರೆ ಏದುಸಿರು ಬಿಡುವವರಿಗೆ ಬೇಕಾದದ್ದು ಮೊದಲು ಆಕ್ಸಿಜನ್, ಆಮೇಲೆ ದೊಡ್ಡ ಹೆಸರಿನ ಆಸ್ಪತ್ರೆ. ಆಕ್ಸಿಜನ್ ಈಗ ಹೆಚ್ಚಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಕೊಂಡದ್ದು ಇನ್ನೂ ನಿಮ್ಮ ಡ್ರಾಯರಿನಲ್ಲಿ ಇರಬಹುದು. ಬ್ಯಾಟರಿ ಹಾಕಿ ಇಟ್ಟುಕೊಳ್ಳಿ. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರು ನೋಡಲೇಬೇಕು, 90ಕ್ಕಿಂತ ಕೆಳಗಾದರೆ ಆಂಬುಲೆನ್ಸು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದುಂಟು ಎಂದು ಅಧ್ಯಯನಗಳು ಹೇಳಿವೆ. ಹೀಗಾಗಿ ಅಂಕಿ ಚೆನ್ನಾಗಿದೆ ಎಂದು ಏದುಸಿರನ್ನು ಅಲಕ್ಷಿಸಬಾರದು.

ಇನ್ನು ಹುಡುಕುವ ಬಗೆ. ನೆಗಡಿ ಕೆಮ್ಮಿಗೆ ಎಂಬಿಬಿಎಸ್ ಆದ ಸಾಮಾನ್ಯ ವೈದ್ಯರು ಸಾಕು. ಒಂದು ವರ್ಷದೊಳಗಿನ ಮಗುವಾದರೆ ಮಕ್ಕಳ ಡಾಕ್ಟರು. ಉಬ್ಬಸದ ಹಳೆಯ ರೋಗಿಗಳು, ಎರಡು ಮೂರು ಸಲ ನ್ಯುಮೋನಿಯಾ ಆದವರು, ಎಂಟು ವಾರ ದಾಟಿದ ಕೆಮ್ಮಿನವರು ಶ್ವಾಸಕೋಶ ತಜ್ಞರನ್ನು ನೋಡಲಿ, ಅದೂ ತಮ್ಮ ಡಾಕ್ಟರ ಚೀಟಿಯೊಂದಿಗೆ. ಕ್ಲಿನಿಕ್ಕಿನ ಗೋಡೆಯ ಮೇಲೆ ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರ ಇದೆಯೇ ನೋಡಿ. 2007ರ ಆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಖಾಸಗಿ ಕ್ಲಿನಿಕ್ ನಡೆಸುವಂತಿಲ್ಲ. ಡಾಕ್ಟರ ಪದವಿ ಯಾವ ಪದ್ಧತಿಯದು ಎಂದು ಓದಿಕೊಳ್ಳಿ, ಕೇಳಲು ನಾಚಿಕೊಳ್ಳಬೇಡಿ.

ಇವೆಲ್ಲ ಕಾಗದದ ಮಾತು. ನಿಜವಾದ ಪರೀಕ್ಷೆ ಒಳಗೆ ಹೋದ ಮೇಲೆ. ಅಂಗಿಯ ಗುಂಡಿ ಬಿಚ್ಚಿಸಿ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರೇ? ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂದು ಹೇಳಿದರೇ? ಆಂಟಿಬಯೋಟಿಕ್ ಬೇಕೇ ಎಂದು ಕೇಳಿದಾಗ ಸಿಡುಕಿದರೇ, ಕಾರಣ ಕೊಟ್ಟರೇ? ನನ್ನ ಮಟ್ಟಿಗೆ ಇನ್ನೂ ಒಂದು ಗುರುತಿದೆ. ಚೀಟಿಯಲ್ಲಿ ಎರಡೇ ಔಷಧ ಬರೆದು ಪೂರ್ತಿ ಫೀಸು ತೆಗೆದುಕೊಳ್ಳುವ ಡಾಕ್ಟರನ್ನು ಬಿಡಬೇಡಿ. ಆ ಹಣ ಬರೆಯದೇ ಬಿಟ್ಟ ಔಷಧಗಳಿಗೆ. ನಿಮ್ಮ ಮಾತನ್ನು ಅವರು ಪೂರ್ತಿ ಕೇಳಿಸಿಕೊಂಡರೇ ಎಂಬುದನ್ನೂ ನೋಡಿ. ಕೊರವಂಜಿಯ ರಾಶಿಯವರು, ಡಾಕ್ಟರ್ ಎಂ. ಶಿವರಾಂ, ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ನಾಡಿಗೆ ನಗೆಯ ಪತ್ರಿಕೆ ಕೊಟ್ಟವರು. ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದ ಡಾಕ್ಟರಿಗೆ ಅಂಥ ಹಾಸ್ಯ ಎಲ್ಲಿಂದ ಸಿಕ್ಕೀತು?

ಸರ್ಕಾರದ ವ್ಯವಸ್ಥೆಯನ್ನು ಹಳಿಯುವುದು ಸುಲಭ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎಂಬ ಲೆಕ್ಕ ಕೆಟ್ಟದ್ದಲ್ಲ. 2022ರ ಡಿಸೆಂಬರಿನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳು ಪಟ್ಟಣದ ಬಡವರ ಕೇರಿಯ ಪಕ್ಕಕ್ಕೇ ಡಾಕ್ಟರನ್ನು ತಂದವು, ಅದು ದೊಡ್ಡ ಕೆಲಸ. ನನ್ನ ತಕರಾರು ಎರಡಕ್ಕೆ. ಅವುಗಳ ಹೊತ್ತು ಹೆಚ್ಚಾಗಿ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ, ಕೂಲಿಗೆ ಹೋದವರು ಮನೆ ಸೇರುವುದು ಅದರ ಮೇಲೆಯೇ. ಆಗ ತೆರೆದಿರುವುದು ಮೆಡಿಕಲ್ ಶಾಪು ಒಂದೇ. ಎರಡನೆಯದು, ಗುತ್ತಿಗೆಯ ಡಾಕ್ಟರು. ಪಿ.ಜಿ. ಸೀಟು ಸಿಕ್ಕಿದ ದಿನ ಹೊರಡುವವರು ಕೇರಿಯ ಕೆಮ್ಮುಗಳನ್ನು ಹೆಸರು ಹಿಡಿದು ಗುರುತಿಸುವ ಹೊತ್ತಿಗೆ ಕುರ್ಚಿ ಖಾಲಿಯಾಗಿರುತ್ತದೆ. ಕಟ್ಟಡ ಕಟ್ಟಿದಷ್ಟೇ ಆಸಕ್ತಿಯಿಂದ ಅವರಿಗೆ ಒಳ್ಳೆಯ ಸಂಬಳ, ಕಾಯಂ ನೇಮಕ ಕೊಟ್ಟು ಉಳಿಸಿಕೊಳ್ಳಬೇಕೆಂದು ಇಲ್ಲಿರುವ ಜನಪ್ರತಿನಿಧಿಗಳಲ್ಲಿ ನನ್ನ ಬೇಡಿಕೆ. ಫೋನಿನಲ್ಲೇ ವೈದ್ಯರನ್ನು ಕಾಣುವ ಇ-ಸಂಜೀವಿನಿ 2020ರಿಂದ ಮನೆಬಾಗಿಲಿಗೆ ಬಂದಿದೆ. ಎರಡನೆಯ ಸಲದ ವಿಚಾರಣೆಗೆ ಅದು ಒಳ್ಳೆಯದು. ಬೆನ್ನಿನ ಮೇಲೆ ಕಿವಿ ಇಡಬೇಕಾದಾಗ ಸಾಲದು.

ಡಾಕ್ಟರನ್ನು ಹುಡುಕುವ ಕೆಲಸ ಜ್ವರ ಬಂದ ರಾತ್ರಿಯದಲ್ಲ. ಆರೋಗ್ಯವಾಗಿರುವಾಗ ಒಮ್ಮೆ ಹೋಗಿ ಬಿಪಿ ನೋಡಿಸಿಕೊಂಡು, ಅರವತ್ತೈದು ದಾಟಿದ್ದರೆ ಫ್ಲೂ ಲಸಿಕೆಯ ಬಗ್ಗೆ ಕೇಳಿಕೊಂಡು, ರಾತ್ರಿ ಫೋನ್ ಎತ್ತುತ್ತಾರೆಯೇ ತಿಳಿದುಕೊಂಡು ಬನ್ನಿ. ಅವರ ನಂಬರು, ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ನಂಬರು ಮೊಬೈಲಿನಲ್ಲಿ ಇರಲಿ. ಆಂಬುಲೆನ್ಸಿನ 108 ನಿಮಗೆ ಗೊತ್ತೇ ಇದೆ.

ಪ್ರಶ್ನೆಗಳಿಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ನಮ್ಮ ಆರೋಗ್ಯ ಕೇಂದ್ರದ ಇಬ್ಬರು ಆಶಾ ಕಾರ್ಯಕರ್ತೆಯರು ಬಂದಿದ್ದಾರೆ. ಮುಗಿದ ಮೇಲೆ ಕಾಫಿ ಕೊಡುವ ಜಾಗದಲ್ಲಿ ಇರುತ್ತಾರೆ. ಮಗುವಿನ ಉಸಿರು ಎಣಿಸುವುದನ್ನು ಅವರು ನನಗಿಂತ ಚೆನ್ನಾಗಿ ತೋರಿಸಿಕೊಡುತ್ತಾರೆ. ಸಣ್ಣ ಮಕ್ಕಳಿರುವ ಮನೆಯವರು ಕಲಿತುಕೊಂಡೇ ಹೋಗಿ.